ರಕ್ತಕ್ಕೂ ಉಸಿರಿಗೂ ರಾಜಿ

"ಊದ್ತಾ ಇರೋವಾಗ ಮತ್ತೆ ಮಾತಾಡಿಸಿದ್ರಲ್ಲ ಸಾರ್! ಇದ್ದ ಉಸಿರೆಲ್ಲ ನಿಮ್ಮ ಪ್ರಶ್ನೆಗೇ ಹೋಯ್ತು."

ಹಾಸಿಗೆ ಕಾರ್ಖಾನೆಯ ಆರೋಗ್ಯ ಶಾಖೆಯಲ್ಲಿ, ಕೊಳವೆಗೆ ಊದಿ ಶ್ವಾಸಕೋಶದ ಬಲ ತೋರಿಸುವ ಹೊತ್ತಿನಲ್ಲೇ ಗುಮಾಸ್ತ ವಿವರ ಕೇಳುವುದು ಪದ್ಧತಿ. ಆಮೇಲೆ ಕೇಳಿದರೆ ಸಮಯ ವ್ಯರ್ಥ. ಹತ್ತಿ ಹಿಂಜುವ ಕೋಣೆಯ ಬಾಯಿಬಡುಕಿಯ ದೂರನ್ನು ಅವನು ತಾಳ್ಮೆಯಿಂದ ಕೇಳಿ, "ಜಗಳಕ್ಕೆ ಸಾಲುವಷ್ಟು ಉಸಿರಿದೆ" ಎಂದು ಬರೆದುಕೊಂಡ.

ಅವಳಿಗೆ ಬೇಕಿದ್ದದ್ದು ಒಂದೇ: ಧೂಳು ಬಿಟ್ಟು, ಹೊದಿಕೆ ಮಡಚುವ ಕೋಣೆಗೆ ವರ್ಗ. ನಾಲ್ಕು ಮಾತಾಡುವಷ್ಟರಲ್ಲಿ ಎದೆ ಕಟ್ಟುತ್ತಿತ್ತು. ಅವಳಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯುಂಟೇ?

ರಕ್ತ ಮಾತ್ರ ಅವಳ ಪರ ನಿಂತಿತು. ಪರೀಕ್ಷಿಸಿದಾಗ ಅದರಲ್ಲಿ ಉರಿಯೂತದ ಸೂಚಕ ಏರಿತ್ತು.

"ಇದು ಏರಿದವರಲ್ಲಿ ಎಷ್ಟೋ ಸಲ ಶ್ವಾಸಕೋಶದ ಬಲ ಇಳಿದಿರುತ್ತೆ. ಧೂಳು ಬಿಡಿಸಿ," ಎಂದರು ಡಾಕ್ಟರಮ್ಮ.

"ಉಸಿರು ಚೆನ್ನಾಗಿದೆ ಅಂತ ಬರೆದಾಗಿದೆಯಲ್ಲ ಮೇಡಂ," ಎಂದ ಗುಮಾಸ್ತ. "ಇನ್ನು ರಕ್ತವೇ ಸ್ವಲ್ಪ ಹೊಂದ್ಕೋಬೇಕು."

ಒಂದೇ ದೇಹದ ರಕ್ತ ಮತ್ತು ಉಸಿರು ಪರಸ್ಪರ ವಿರುದ್ಧ ಹೇಳಿಕೆ ನೀಡುವುದು ಶಿಸ್ತಿಗೆ ಧಕ್ಕೆಯೆಂದು ಮ್ಯಾನೇಜರು ಸಮಿತಿ ಕರೆದರು. ಪ್ರಕಟಣೆ ಹೊರಬಿತ್ತು: "ಧೂಳಿನಲ್ಲಿರುವಾಗ ತೆಗೆದ ರಕ್ತವು ಪೂರ್ವಗ್ರಹಪೀಡಿತವಾಗಿರುತ್ತದೆ. ಆದ್ದರಿಂದ ಸದರಿ ಕೆಲಸಗಾರ್ತಿಯನ್ನು ಮಡಚುವ ಕೋಣೆಯಲ್ಲಿರಿಸಿ, ರಕ್ತ ಶಾಂತವಾದ ಮೇಲೆ ಮರುಪರೀಕ್ಷಿಸತಕ್ಕದ್ದು."

ಮಡಚುವ ಕೋಣೆಯಲ್ಲಿ ಅವಳ ಎದೆ ಹಗುರಾಯಿತು. ಮಾತು ಮರಳಿತು, ಪಕ್ಕದವರು ಕಿವಿಗೆ ಹತ್ತಿ ಇಟ್ಟುಕೊಂಡರು. ಉರಿಯೂತವೂ ಇಳಿಯಿತು. ಸಮಿತಿ ಚಪ್ಪಾಳೆ ತಟ್ಟಿ, ಅವಳು ಧೂಳಿಗೆ ಸಂಪೂರ್ಣ ಅರ್ಹಳೆಂದು ಘೋಷಿಸಿ, ಹಿಂಜುವ ಕೋಣೆಗೆ ವಾಪಸು ಕಳಿಸಿತು.

"ಧೂಳಿಲ್ದೆ ಇದ್ದಿದ್ದಕ್ಕೇ ತಾನೇ ಸಾರ್ ಇಳಿದಿದ್ದು?"

"ಅಲ್ಲಿಗೆ ನಮ್ಮ ಕ್ರಮ ಸರಿ ಅಂತಾಯ್ತು ನೋಡಮ್ಮ," ಎಂದರು ಮ್ಯಾನೇಜರು. " ಮತ್ತೆ ಏರಿದ್ರೆ ಮತ್ತೆ ಇಳಿಸ್ತೀವಿ. ಕೈ ಬಿಡ್ತೀವಾ?"

ಏರಿದವರು ಮಡಚುವುದು, ಇಳಿದವರು ಹಿಂಜುವುದು ಎಂಬ ಸರದಿಗೆ ಎಲ್ಲರೂ ಬೇಗ ಒಗ್ಗಿಕೊಂಡರು. "ನಿಂದು ಏರ್ತಾ ಇದೆಯೇನೇ?" ಎಂದು ಊಟದ ಹೊತ್ತಿಗೆ ಕುಶಲ ವಿಚಾರಿಸತೊಡಗಿದರು. ಡಾಕ್ಟರಮ್ಮನೂ ಸರದಿಗೆ ಸಹಿ ಹಾಕಿದರು.

ಬಾಯಿಬಡುಕಿ ಮತ್ತೆ ಹಿಂಜುವ ಕೋಣೆಯಲ್ಲಿ ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಅವಳ ಮಗಳು ಕಥೆಗೆ ಹಠ ಹಿಡಿದಳು. ರಾಜಕುಮಾರಿ ಕಾಡು ಹೊಗುವಷ್ಟರಲ್ಲೇ ತಾಯಿಗೆ ಉಸಿರು ಸಿಕ್ಕಿಕೊಂಡಿತು. ಮ್ಯಾನೇಜರಿಗೂ ಎದುರುತ್ತರ ಕೊಟ್ಟ ಬಾಯಿ ಬರೀ ಗಾಳಿಗಾಗಿ ತೆರೆದು ಮುಚ್ಚಿತು. ಮಗಳು ಕೇಳಿದಳು:

"ಅಮ್ಮಾ, ನಿಂಗೆ ವಾಸಿಯಾಯ್ತು ಅಂತ ಎಲ್ರೂ ಚಪ್ಪಾಳೆ ತಟ್ಟಿದ್ರಂತಲ್ಲ, ಮತ್ತೆ ರಾಜಕುಮಾರಿ ಯಾಕೆ ಕಾಡಲ್ಲೇ ನಿಂತ್ಬಿಟ್ಟಳು?"