ಮೆಟ್ಟಿಲ ಮದುವೆ

ನಮ್ಮ ಚಿಕ್ಕಪ್ಪ ಒಂದು ಮೆಟ್ಟಿಲನ್ನು ಮದುವೆಯಾದ ಎಂದು ನಮ್ಮೂರಿನವರು ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು. ತಾಳಿ ಕಟ್ಟಲಿಲ್ಲ! ಉಳಿದಂತೆ ಲಗ್ನಪತ್ರಿಕೆ, ಚಪ್ಪರ, ವಾಲಗ, ಪಾಯಸ ಎಲ್ಲವೂ ಆದದ್ದು ಮಾತ್ರ ನಿಜ. ಪಾಯಸಕ್ಕೆ ಎರಡನೇ ಸಲ ಎಲೆಯೊಡ್ಡಿದವರಲ್ಲಿ ನಾನೂ ಒಬ್ಬ. ಉಂಡವನಾದ್ದರಿಂದ ನಡೆದದ್ದನ್ನು ನಡೆದಂತೆ ಹೇಳಬೇಕಾಗಿದೆ.

ಚಿಕ್ಕಪ್ಪ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟು. ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ ಕೆಲಸ. "ಮಿಡಿಗೇಶಿ, ಪಾವಗಡ! ಬರ್ರೀ ಬರ್ರೀ, ಕೂತ್ಕಳಾಕೆ ಜಾಗ ಐತೆ!" ಎಂದು ಬೆಳಗಿನಿಂದ ಕೂಗಿದ ಗಂಟಲು ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಅವನು ಒಂದು ಲೋಟ ನೀರು ಕೇಳಿದರೆ ಅರ್ಧ ಬೀದಿಯ ಹೆಂಗಸರು ಚೊಂಬು ಹಿಡಿದು ಹೊರಗೆ ಬರುತ್ತಿದ್ದರು. ಇನ್ನು ಜಾಗ ಐತೆ ಎನ್ನುವ ಮಾತೋ, ಎಪ್ಪತ್ತರ ದಶಕದ ಆ ಬಸ್ಸುಗಳಲ್ಲಿ ಒಂಟಿ ಕಾಲಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ.

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಕೊಡುತ್ತೇವೆ ಎಂದವರೂ ಇದ್ದರು! ಕೊಡಿಗೇನಹಳ್ಳಿಯಲ್ಲಿ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಕಾಫಿ ತಂದು ಎದುರಿಗೆ ಹಿಡಿದಳು. ಅದೇ ಹೊತ್ತಿಗೆ ಹೊರಗೆ ಹಿಂದೂಪುರದ ಬಸ್ಸು ಹಾರನ್ ಹೊಡೆಯಿತು. ಚಿಕ್ಕಪ್ಪ ತಟ್ಟನೆ ಎದ್ದು ಓಡಿದ, ನಿಂತಿದ್ದ ಜನರನ್ನು ಕೂಗಿ ಹತ್ತಿಸಿದ, ಅಭ್ಯಾಸಬಲದಿಂದ ರೈಟ್ ಎಂದ, ತಾನೂ ಹಾರಿ ಫುಟ್‌ಬೋರ್ಡ್ ಮೇಲೆ ನಿಂತ. ಬಸ್ಸು ಹೋಯಿತು. ಹುಡುಗಿಯ ತಂದೆ ಬಾಗಿಲಲ್ಲಿ ನಿಂತು ಧೂಳು ನೋಡಿ, "ಒಪ್ಗೆ ಇಲ್ಲಾಂದ್ರೆ ಬಾಯಲ್ಲಿ ಹೇಳ್ಬೋದಿತ್ತು ಸ್ವಾಮಿ, ಆಂಧ್ರಕ್ಕೆ ಓಡೋಗೋವಂತಾದ್ದು ಏನಾಗಿತ್ತು?" ಎಂದರು.

ತನ್ನ ಮದುವೆ ಹೀಗಾದರೂ ಊರಿನವರ ಮದುವೆ ಒಂದನ್ನೂ ಅವನು ಬಿಟ್ಟವನಲ್ಲ. ಹೋಗುತ್ತಿದ್ದ, ಉಣ್ಣುತ್ತಿದ್ದ, ತಪ್ಪದೆ ಮುಯ್ಯಿ ಹಾಕುತ್ತಿದ್ದ. ನಮ್ಮ ಕಡೆ ಮುಯ್ಯಿ ಎಂದರೆ ಹುಡುಗಾಟವಲ್ಲ. ನಿಮ್ಮ ಮನೆಯ ಮದುವೆಗೆ ನಾನು ಹಾಕಿದ ದುಡ್ಡನ್ನು ನಮ್ಮ ಮನೆಯ ಮದುವೆಗೆ ನೀವು ವಾಪಸು ಹಾಕಲೇಬೇಕು. ಬ್ಯಾಂಕಿನ ಸಾಲ ಮುಳುಗಿಸಿದವನು ತಲೆಯೆತ್ತಿ ಓಡಾಡಬಹುದು, ಮುಯ್ಯಿ ಮುಳುಗಿಸಿದವನು ಓಡಾಡುವಂತಿಲ್ಲ. ಚಿಕ್ಕಪ್ಪನ ಮನೆಯಲ್ಲೋ ಮದುವೆಯೂ ಇಲ್ಲ, ನಾಮಕರಣವೂ ಇಲ್ಲ. "ನಿನ್ ಮುಯ್ಯಿ ಬಾವಿಗ್ ಹಾಕ್ದಂಗೆ ಕಣಪ್ಪಾ" ಎಂದು ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಈಗ ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ನಾವಿದ್ದದ್ದು ಪುರಸಭೆಯವರು ಹಿಂದೆ ಕಟ್ಟಿಸಿದ್ದ ಮನೆಗಳಲ್ಲಿ. ಕೆಳಗೆ ಎರಡು, ಮೇಲೆ ಎರಡು. ರಿಪೇರಿ ಮಾಡಿಸಿ ಸಾಕಾಗಿ ಪುರಸಭೆ ಅವನ್ನು ಬಾಡಿಗೆಗಿದ್ದವರಿಗೇ ಮಾರಿ ಕೈ ತೊಳೆದುಕೊಂಡಿತ್ತು. ಕೆಳಗೆ ಒಂದರಲ್ಲಿ ಚಿಕ್ಕಪ್ಪ, ಇನ್ನೊಂದರಲ್ಲಿ ಗೌರಕ್ಕ. ಮೇಲೆ ನಾವು, ನಮ್ಮ ಪಕ್ಕ ಕಂಬಳಿ ವ್ಯಾಪಾರದ ಕರಿಯಪ್ಪ. ಮೇಲಕ್ಕೆ ಹೋಗಲು ಇದ್ದದ್ದು ಒಂದೇ ಒಂದು ಕಡಿದಾದ ಮರದ ಮೆಟ್ಟಿಲು. ಅದರ ಅಡಿಯಲ್ಲಿ ಗೌರಕ್ಕ ಒಲೆ ಉರಿಗೆಂದು ಕಡ್ಲೆಕಾಯಿ ಹೊಟ್ಟಿನ ಮೂಟೆಗಳನ್ನು ಪೇರಿಸಿದ್ದಳು.

ನನ್ನ ತಂಗಿ ಸಾವಿತ್ರಿಗೆ ಎಳವೆಯಲ್ಲೇ ಪೋಲಿಯೋ ಆಗಿ ಒಂದು ಕಾಲಿಗೆ ಬಲವಿರಲಿಲ್ಲ. ಕೋಲೂರಿಕೊಂಡು ಸಮನೆಲದಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದಳು. ಆ ಮರದ ಮೆಟ್ಟಿಲು ಮಾತ್ರ ಅವಳಿಗೆ ದಕ್ಕಲಿಲ್ಲ. ಇಳಿಸಬೇಕಾದರೆ ನಾನೋ ಚಿಕ್ಕಪ್ಪನೋ ಬೆನ್ನಿನ ಮೇಲೆ ಹೊತ್ತು ಇಳಿಸಬೇಕಿತ್ತು. ದೊಡ್ಡವಳಾಗುತ್ತಾ ಬಂದಂತೆ ಅವಳಿಗೆ ಅದು ಬಹಳ ಸಂಕಟವಾಗುತ್ತಿತ್ತು.

ಒಂದು ಸಂತೆಯ ದಿನ ಮಧ್ಯಾಹ್ನ ಗೌರಕ್ಕ ಒಲೆಯ ಬೂದಿ ತಂದು ಮೆಟ್ಟಿಲ ಪಕ್ಕ ಸುರಿದಳು. ಬೂದಿಯೊಳಗೆ ಕೆಂಡವಿತ್ತು. ಹೊಟ್ಟು ಹೊತ್ತಿಕೊಂಡಿತು, ಹೊಟ್ಟಿನಿಂದ ಮೆಟ್ಟಿಲು ಹೊತ್ತಿಕೊಂಡಿತು. ಮೇಲೆ ಅಮ್ಮ, ಸಾವಿತ್ರಿ, ಕರಿಯಪ್ಪನ ಹೆಂಡತಿ ಹೊಗೆಯಲ್ಲಿ ಕೂಗಿಕೊಳ್ಳುತ್ತಿದ್ದಾರೆ. ಬೆಂಕಿ ಎಂಜಿನ್ ಬರಬೇಕಾದರೆ ತುಮಕೂರಿನಿಂದ ಬರಬೇಕು. ಚಿಕ್ಕಪ್ಪ ಎಂಜಿನ್ನಿಗೆ ಕಾಯಲಿಲ್ಲ. ಸ್ಟ್ಯಾಂಡಿನಲ್ಲಿ ಹೊರಟು ನಿಂತಿದ್ದ ಪಾವಗಡದ ಬಸ್ಸನ್ನು ಪ್ರಯಾಣಿಕರ ಸಮೇತ ತಂದು ನಮ್ಮ ಗೋಡೆಗೆ ಒತ್ತರಿಸಿ ನಿಲ್ಲಿಸಿಬಿಟ್ಟ! ಬಸ್ಸಿನ ಟಾಪು ಸರಿಯಾಗಿ ನಮ್ಮ ಕಿಟಕಿಯ ಕೆಳಗೆ ಬಂತು. ಸರಳಿಲ್ಲದ ಕಿಟಕಿ, ನಮ್ಮ ಪುಣ್ಯ. ಟಾಪಿನ ಮೇಲಿನ ಮೂಟೆಗಳ ನಡುವೆ ಒಬ್ಬೊಬ್ಬರನ್ನೇ ಇಳಿಸಿಕೊಂಡ. ಒಳಗಿದ್ದ ಮುದುಕನೊಬ್ಬ ತಲೆ ಹೊರಹಾಕಿ, "ಏಂದಪ್ಪಾ ಇದಿ, ಪಾವಗಡಕ್ಕೆ ಇದೇ ದಾರೀನಾ?" ಎಂದು ತೆಲುಗು ಬೆರೆಸಿ ಬೈದ. ಕಂಡಕ್ಟರನಿಗೆ ಬೇರೆಯೇ ಚಿಂತೆ. "ಅಣ್ಣೋ, ಇವ್ರಿಗೆ ಟಿಕೆಟ್ ಹರೀಲಾ, ಲಗೇಜ್ ಹಾಕ್ಲಾ?"

ಎಲ್ಲರೂ ನಕ್ಕರು. ಸಾವಿತ್ರಿ ನಗಲಿಲ್ಲ. ಚಿಕ್ಕಪ್ಪ ಅವಳನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿನ ಹಿಂದಿನ ಏಣಿಯಿಂದ ಇಳಿಯುವಾಗ ಸಂತೆಗೆ ಬಂದಿದ್ದವರೆಲ್ಲ ಸುತ್ತ ನಿಂತು ನೋಡಿದ್ದರು. ಬೆಂಕಿ ಆರಿದ ಮೇಲೆ ಬಿದಿರಿನ ಏಣಿ ಹಾಕಿ ಅವಳನ್ನು ಹೊತ್ತೇ ಮೇಲೆ ಹತ್ತಿಸಿದೆವು. ರಾತ್ರಿ ಅವಳು ಊಟ ಬೇಡವೆಂದಳು. "ಮೂಟೆ ಇಳಿಸ್ದಂಗೆ ಇಳಿಸಿದ್ರಲ್ಲಮ್ಮ. ಇನ್ಮೇಲ್ ನನ್ನ ಯಾರೂ ಹೊರಬ್ಯಾಡಿ. ಬೆಂಕಿ ಬಿದ್ರೆ ಬೀಳ್ಲಿ, ಇಲ್ಲೇ ಇರ್ತೀನಿ" ಎಂದಳು. ಚಿಕ್ಕಪ್ಪ ಹೊಸ್ತಿಲಲ್ಲಿ ಕೂತು ಕೇಳಿಸಿಕೊಂಡ.

ಸುಟ್ಟ ಮೆಟ್ಟಿಲ ಜಾಗದಲ್ಲಿ ಆ ಬಿದಿರಿನ ಏಣಿಯೇ ಉಳಿಯಿತು. ಪುರಸಭೆಯ ಓವರ್‌ಸಿಯರ್ ಬಂದು ನೋಡಿ, ಕಲ್ಲಿನ ಮೆಟ್ಟಿಲು ಕಟ್ಟಿಸಬೇಕು, ಮರಳಿನ ಬಕೆಟ್ ಇಡಬೇಕು ಎಂದು ನೋಟೀಸು ಕೊಟ್ಟರು. ಯಾರ ದುಡ್ಡಿನಲ್ಲಿ?

"ಮನೆ ನಿಮ್ದು, ನೋಟೀಸಷ್ಟೇ ನಮ್ದು" ಎಂದರು ಓವರ್‌ಸಿಯರ್.

"ಮರದ ಮೆಟ್ಲು ಮಡಗಿದ್ದು ನೀವಲ್ವರಾ?" ಎಂದ ಕರಿಯಪ್ಪ. ಆಮೇಲೆ ನಮ್ಮ ಕಡೆ ತಿರುಗಿ, "ಅವ್ರು ಕೊಡ್ದಿದ್ರೆ ಕೆಳಗ್ಲೋರು ಕೊಡ್ಲಿ. ಬೆಂಕಿ ಹತ್ತಿದ್ದು ಕೆಳಗಿಂದ."

"ಮೆಟ್ಲು ಹತ್ತೋರು ಮೇಗ್ಲೋರು, ಕೊಡಾದು ನಾನಾ?" ಎಂದಳು ಗೌರಕ್ಕ. "ನಾನು ಕಾಸು ಕೊಟ್ಟು ತಗಂಡಿದ್ದು ಹೊಟ್ಟು ಕಣಪ್ಪಾ, ಬೆಂಕಿ ಅಲ್ಲ!"

ಇದಕ್ಕೆ ಯಾವ ಕೋರ್ಟು ತಾನೆ ಉತ್ತರ ಹೇಳೀತು? ಹಾಗೂ ಹೀಗೂ ಮಾಡಿ ಒಂದು ಕೆಂಪು ಬಕೆಟ್ಟು ಬಂತು, ಮರಳೂ ಬಂತು. ತನಗೇ ತಂದಿಟ್ಟಿದ್ದಾರೆಂದುಕೊಂಡು ಗೌರಕ್ಕನ ಬೆಕ್ಕು ದಿನಾ ಬೆಳಿಗ್ಗೆ ಅದನ್ನು ಉಪಯೋಗಿಸತೊಡಗಿತು. ಮೆಟ್ಟಿಲು ಮಾತ್ರ ಬರಲಿಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂತು. ಸಾವಿತ್ರಿ ಕಿಟಕಿಯಲ್ಲಿ ಕೂತು ಬೀದಿ ನೋಡುತ್ತಿದ್ದಳು. ಒಂದು ದಿನವೂ ಕೆಳಗಿಳಿಯಲಿಲ್ಲ.

ಆಗ ಊರಿನ ಮನೆಮನೆಗೂ ಒಂದು ಲಗ್ನಪತ್ರಿಕೆ ಬಂತು. ವರ ನಮ್ಮ ಚಿಕ್ಕಪ್ಪ! ವಧುವಿನ ಹೆಸರಿನ ಜಾಗದಲ್ಲಿ 'ಬಂದು ನೋಡಿ' ಎಂದಿತ್ತು. ಇಂಥ ಮದುವೆಗೆ ಯಾರು ತಪ್ಪಿಸಿಕೊಳ್ಳುತ್ತಾರೆ? ಬೀದಿಗೆ ಬೀದಿಯೇ ಬಂತು. ಚಪ್ಪರದಡಿಯಲ್ಲಿ ಮೊದಲು ಊಟ. ಎಲ್ಲರೂ ಪಾಯಸ ಸುರಿದುಕೊಂಡು ಕೈ ತೊಳೆದ ಮೇಲೆ, "ಎಲ್ಲಪ್ಪಾ ಹೆಣ್ಣು?" ಎಂದು ಗಲಾಟೆಯಾಯಿತು. ಚಿಕ್ಕಪ್ಪ ಹಸೆಯ ಮೇಲಿನ ಪಂಚೆ ಸರಿಸಿದ. ಅರಿಸಿನ ಕುಂಕುಮ ಹಚ್ಚಿದ ಒಂದು ಕಲ್ಲು ಚಪ್ಪಡಿ!

"ಇದೇ ನನ್ ಹೆಂಡ್ತಿ. ಮೊದಲ್ನೇ ಮೆಟ್ಲು. ಇವ್ಳ ಮ್ಯಾಲೆ ಇನ್ನೂ ಬರ್ಬೇಕು. ಊಟ ಆತಲ್ಲ? ಮುಯ್ಯಿ ಹಾಕೋರು ಇಂಗ್ ಬರ್ರೀ!"

ಜನ ಉಂಡು ಕೂತಿದ್ದಾರೆ. ಏಳುವುದು ಹೇಗೆ? ನನ್ನ ಅಕ್ಷರ ಚೆನ್ನಾಗಿದೆಯೆಂದು ಮುಯ್ಯಿ ಬರೆಯಲು ನನ್ನನ್ನು ಕೂರಿಸಿದ್ದ. ಪಕ್ಕದಲ್ಲಿ ನಿಂತು ಬಸ್ಸಿಗೆ ಕೂಗಿದಂತೆಯೇ ಕೂಗತೊಡಗಿದ. "ಕಂಬ್ಳಿ ಕರಿಯಪ್ನೋರು! ಇಬ್ರು ಹೆಣ್ ಮಕ್ಳ ಮದ್ವೆ, ಒಂದು ನಾಮಕರಣ! ಬರ್ರೀ, ಜಾಗ ಐತೆ!" ಕರಿಯಪ್ಪ ತಲೆ ತಗ್ಗಿಸಿಕೊಂಡು ಬಂದ. ಗೌರಕ್ಕ ಸೆರಗಿನ ಗಂಟು ಬಿಚ್ಚಿದಳು. ಹಿಂದಿನ ಸಾಲಿನಲ್ಲಿ ಚಪ್ಪಲಿ ಹುಡುಕುತ್ತಿದ್ದ ಓವರ್‌ಸಿಯರ್ ಸಿಕ್ಕಿಬಿದ್ದರು. "ಸ್ವಾಮೀ, ನಿಮ್ ಮಗ್ಳ ಮದ್ವೇಗೆ ಸಿರಾಕ್ ಬಂದಿದ್ದೆ, ನೆಪ್ಪೈತಾ?" ಅವರೂ ಜೇಬಿಗೆ ಕೈ ಹಾಕಿದರು. ಅಂತೂ ಪುರಸಭೆಯಿಂದಲೂ ಬಂತು ಎಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಮ್ಮ ಮಾತ್ರ ನಗಲಿಲ್ಲ. "ಅಲ್ಲಪ್ಪಾ, ನಾಳೆ ನಿಜ್ವಾಗ್ಲೂ ನಿಂಗೊಂದು ಮದ್ವೆ ಅಂತ ಆದ್ರೆ ಯಾರ್ ಬತ್ತಾರೆ, ಯಾರ್ ಹಾಕ್ತಾರೆ? ಇರೋದೆಲ್ಲ ಇಸ್ಕಂಡ್ಬುಟ್ಯಲ್ಲ" ಎಂದು ಕಣ್ಣೊರೆಸಿಕೊಂಡಳು.

"ಅತ್ಗೆಮ್ಮ, ಮದ್ವೆ ದಿನ ಅಳ್ಬಾರ್ದು" ಎಂದ ಚಿಕ್ಕಪ್ಪ.

ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರವೇ? ಕೆಲಸ ಶುರುವಾಯಿತು. ಅಲ್ಲೂ ಚಿಕ್ಕಪ್ಪನದು ತಕರಾರು. ಒಂದೊಂದು ಮೆಟ್ಟಿಲೂ ಗೇಣಿಗಿಂತ ಬಹಳ ತಗ್ಗಾಗಿರಬೇಕು, ಅಗಲವಾಗಿರಬೇಕು, ಎರಡೂ ಕಡೆ ಹಿಡಿಯಲು ಕಬ್ಬಿಣದ ಪೈಪು ಇರಬೇಕು. ಕಟ್ಟುವವನು ರೇಗಿ, "ಇಷ್ಟು ತಗ್ಗು ಮೆಟ್ಲು ಯಾರ್ಗಣ್ಣ, ಕೋಳಿ ಮರೀಗಾ?" ಎಂದ. "ನನ್ ಹೆಂಡ್ತಿ ಹೆಂಗಿರ್ಬೇಕಂತ ನಾನ್ ಹೇಳ್ತೀನಿ, ನೀನ್ ಕಟ್ಲಾ!" ಎಂದು ಅವನ ಬಾಯಿ ಮುಚ್ಚಿಸಿದ. ಆಮೇಲೊಮ್ಮೆ ಸಿರಾ ಕಡೆಯಿಂದ ನಿಜವಾಗಿಯೂ ಒಂದು ಸಂಬಂಧ ಬಂದಿತ್ತು. "ಒಂದ್ಸಲ ಉಣ್ಣಿಸಿ ಇಸ್ಕಂಡಾತು, ಇನ್ನೊಂದ್ಸಲ ಊರಿಗ್ ಮೋಸ ಮಾಡಾಕಿಲ್ಲ" ಎಂದು ಅವರನ್ನು ಬಂದ ಬಸ್ಸಿಗೇ ಹತ್ತಿಸಿ ಕಳಿಸಿದ. ಕೆಳಗಿನ ಮನೆಯಲ್ಲಿದ್ದ ಅವನಿಗೆ ಆ ಮೆಟ್ಟಿಲಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ.

ಕೆಲಸ ಮುಗಿದು ಗಾರೆ ಒಣಗಿದ ದಿನ ಸಾವಿತ್ರಿ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೇಲಿನ ಮೆಟ್ಟಿಲ ಮೇಲೆ ಬಂದು ನಿಂತಳು. ನಾನು ಎದ್ದೆ, ಅಮ್ಮ ಓಡಿ ಬಂದಳು. ಕೆಳಗೆ ನಿಂತಿದ್ದ ಚಿಕ್ಕಪ್ಪ ಇಬ್ಬರಿಗೂ ಬೇಡವೆಂದು ಕೈ ಆಡಿಸಿದ. ಪೈಪು ಹಿಡಿದು ಒಂದು ಕಾಲಿಡುವಳು, ಇನ್ನೊಂದನ್ನು ಎಳೆದು ಪಕ್ಕಕ್ಕೆ ತರುವಳು, ನಿಲ್ಲುವಳು. ಹಾಗೆಯೇ ಕೆಳಗಿನವರೆಗೂ ಬಂದಳು. ಮೂಗಿನ ತುದಿಯಲ್ಲಿ ಬೆವರು ನಿಂತಿತ್ತು.

"ಎಲ್ಲಿಗವ್ವಾ ಹೊಂಟೆ?" ಎಂದ ಚಿಕ್ಕಪ್ಪ.

"ಎಲ್ಲಿಗೂ ಇಲ್ಲ ಚಿಕ್ಕಪ್ಪ. ಇಳಿಯಾಕ್ ಬಂದೆ."

ಅಷ್ಟು ಹೇಳಿ ತಿರುಗಿ ಹತ್ತತೊಡಗಿದಳು. ಮೇಲೆ ಹೋಗಿ ಉಸಿರು ತಿರುಗಿಸಿಕೊಂಡು ಮತ್ತೆ ಇಳಿದಳು. ಮತ್ತೆ ಹತ್ತಿದಳು. ಸುಸ್ತಾಗುತ್ತಾಳೆ, ಊಟಕ್ಕೆ ಕರೆಯುತ್ತೇನೆ ಎಂದು ಅಮ್ಮ ಎದ್ದಳು. ಚಿಕ್ಕಪ್ಪನ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಕರೀಬ್ಯಾಡಿ ಅತ್ಗೆಮ್ಮ" ಎಂದ. "ಇನ್ನೊಂದ್ಸಲ ಇಳೀಲಿ."