ಹಿಮದೇಶದ ಈಗಿನ ಪ್ರಧಾನಿ

ಗುಮಾಸ್ತನಿಗೆ ಬಾಯಿ ಮುಚ್ಚಿಕೊಂಡು ಓದುವ ಅಭ್ಯಾಸವಿದ್ದಿದ್ದರೆ ಅವತ್ತಿನ ದಿನ ಹಾಗೆ ಕೆಡುತ್ತಿರಲಿಲ್ಲ. ಆದರೆ ಗಟ್ಟಿಯಾಗಿ ಓದದೆ ಅವನ ತಲೆಗೆ ಯಾವುದೂ ಹತ್ತುತ್ತಿರಲಿಲ್ಲ. ಪರೀಕ್ಷೆಯ ದಿನ ಬೆಳಗ್ಗೆ ಆರು ಗಂಟೆಗೇ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು, ರಟ್ಟು ಕಿತ್ತುಹೋದ ಸಾಮಾನ್ಯ ಜ್ಞಾನದ ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಉತ್ತರದ ಹಿಮದೇಶದ ಈಗಿನ ಪ್ರಧಾನಿ ಯಾರೆಂಬುದನ್ನು ಮೂರು ಸಲ ಒಪ್ಪಿಸಿದ.

ನೆಲಮಹಡಿಯಲ್ಲಿದ್ದ ನಿವೃತ್ತ ಮೇಷ್ಟ್ರ ದನಿ ಮೆಟ್ಟಿಲು ಹತ್ತಿಕೊಂಡು ಬಂತು.

"ಆತ ಕುರ್ಚಿ ಬಿಟ್ಟು ಒಂದೂವರೆ ವರ್ಷ ಆಯ್ತಲ್ಲಯ್ಯ."

ಗುಮಾಸ್ತ ಕಣ್ಣು ತೆರೆದ. ತೆರೆಯಬಾರದಿತ್ತು.

ಗುಮಾಸ್ತ ಅನ್ನುವುದು ನಾವು ಮರ್ಯಾದೆಗೆ ಕರೆಯುವ ಹೆಸರು. ಆಫೀಸಿನಲ್ಲಿ ಅವನನ್ನು ಎಲ್ಲರೂ ನುಸಿಗುಳಿಗೆ ಅನ್ನುತ್ತಿದ್ದರು. ಕಿಟಕಿಯಿಲ್ಲದ ರೆಕಾರ್ಡ್ ರೂಮಿನಲ್ಲಿ ಹಳೇ ಕಡತಗಳ ಸಂದಿಗೆ ಬಿಳೀ ಗುಳಿಗೆ ತುರುಕುತ್ತಾ ಹದಿನೇಳು ವರ್ಷ ಕಳೆದಿದ್ದ. ಅಂಗಿ, ಬುತ್ತಿಡಬ್ಬಿ, ಕೊನೆಗೆ ಬೆವರು ಕೂಡ ಅದೇ ವಾಸನೆ ಹೊಡೆಯುತ್ತಿತ್ತು. ಈ ಹದಿನೇಳು ವರ್ಷವೂ ಅವನದು ಹಂಗಾಮಿ ಕೆಲಸ. ಅವನಿಗೆ ಒಟ್ಟಾರೆ ಸಿಕ್ಕ ಹೊಗಳಿಕೆ ಒಂದೇ ಒಂದು. ಹೋದ ಮಳೆಗಾಲದಲ್ಲಿ ಸೂರು ಸೋರಿದಾಗ, ಅರಗಿನ ಮುದ್ರೆ ಹಾಕಿದ್ದ ನೂರ ಹದಿನಾಲ್ಕನೇ ನಂಬರಿನ ಬಂಡಲಿನ ಮೇಲೆ ತನ್ನ ಕೊಡೆ ಬಿಚ್ಚಿಟ್ಟು, ತಾನು ತೊಪ್ಪೆಯಾಗಿ ಮನೆಗೆ ಹೋಗಿದ್ದ. ಮಾರನೆಯ ದಿನ ಸಾಹೇಬರು ಪರವಾಗಿಲ್ಲ, ಜವಾಬ್ದಾರಿ ಇದೆ ಅಂದಿದ್ದರು. ಬಂಡಲಿನೊಳಗೆ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವುದು ಅವನ ಕೆಲಸವೂ ಆಗಿರಲಿಲ್ಲ.

ಈಗ ಒಂದು ಹುದ್ದೆ ಖಾಯಂ ಆಗುವುದಿತ್ತು. ಅದಕ್ಕೆ ಇಬ್ಬರು: ರೆಕಾರ್ಡ್ ರೂಮಿನ ಗುಮಾಸ್ತ ಮತ್ತು ಟಪಾಲು ವಿಭಾಗದಲ್ಲಿ ಗೋಂದಿನ ಕುಂಚ ಹಿಡಿದೇ ನಿದ್ದೆ ಹೋಗುತ್ತಿದ್ದ, ತೂಕಡಿಕೆ ಎಂದೇ ಹೆಸರಾದ ಸಹೋದ್ಯೋಗಿ. ದೇಶ ವಿದೇಶಗಳ ಪ್ರಚಲಿತ ವಿದ್ಯಮಾನದ ಮೇಲೆ ಐವತ್ತು ಪ್ರಶ್ನೆ. ಹೆಚ್ಚು ಅಂಕ ಬಂದವನಿಗೆ ಕೆಲಸ, ಇನ್ನೊಬ್ಬ ತಿಂಗಳ ಕೊನೆಗೆ ಮನೆಗೆ. ಅಂಕ ಸಮ ಬಂದರೆ ಸೇವೆಯಲ್ಲಿ ಹಿರಿಯನಾದ ಗುಮಾಸ್ತನಿಗೇ ಕೆಲಸ. ಬರುವ ತಿಂಗಳು ಗುಮಾಸ್ತನಿಗೆ ನಲವತ್ತೈದು ತುಂಬುತ್ತಿತ್ತು. ಆಮೇಲೆ ಯಾವ ಪರೀಕ್ಷೆಗೂ ಅವನನ್ನು ಕೂರಿಸುವಂತಿರಲಿಲ್ಲ, ಯಾವ ರೆಕಾರ್ಡ್ ರೂಮೂ ಅವನಿಗಾಗಿ ಬಾಗಿಲು ತೆರೆದುಕೊಂಡು ಕಾಯುತ್ತಿರಲಿಲ್ಲ.

ಇದೇ ಪರೀಕ್ಷೆ ಎರಡು ವರ್ಷದ ಹಿಂದೆ ನಿಗದಿಯಾಗಿ, ಆಗಿದ್ದ ಸಾಹೇಬರಿಗೆ ಹಿಂದಿನ ದಿನವೇ ವರ್ಗವಾದ್ದರಿಂದ ನಿಂತುಹೋಗಿತ್ತು. ಆಗ ಕೊಂಡ ಕೈಪಿಡಿಯನ್ನು ಗುಮಾಸ್ತ ಅಂದಿನಿಂದ ಕೈಬಿಟ್ಟಿರಲಿಲ್ಲ. ಹೆಂಡತಿ ತರಕಾರಿ ಹೆಚ್ಚುತ್ತಾ ಪ್ರಶ್ನೆ ಕೇಳುವುದು, ಇವನು ಬಟ್ಟೆ ಹಿಂಡುತ್ತಾ ಉತ್ತರ ಹೇಳುವುದು. ಪುಸ್ತಕದ ಮುನ್ನೂರು ಪುಟ ಇಬ್ಬರಿಗೂ ಬಾಯಿಪಾಠ. ಪುಸ್ತಕ ಹಳತಾಗುತ್ತದೆಂಬ ಯೋಚನೆ ಅವನಿಗೆ ಬರಲೇ ಇಲ್ಲ. ಹಳೇ ಕಾಗದವನ್ನು ಕೆಡದಂತೆ ಇಡುವುದೇ ಕಸುಬಾದವನಿಗೆ ಅದು ಬರುವುದಾದರೂ ಹೇಗೆ?

ಪತ್ರಿಕೆ ಓದುತ್ತಿರಲಿಲ್ಲವೇ ಎಂದು ಕೇಳಬಹುದು. ಓದುತ್ತಿದ್ದ, ಉಳಿದಷ್ಟನ್ನು. ಆ ಕಟ್ಟಡದ ನಾಲ್ಕು ಮನೆಗೆ ಸೇರಿ ಬರುತ್ತಿದ್ದದ್ದು ಒಂದೇ ಪತ್ರಿಕೆ. ಮೊದಲು ಮೇಷ್ಟ್ರಿಗೆ, ಆಮೇಲೆ ಮೊದಲ ಮಹಡಿಯ ದರ್ಜಿಗೆ, ಅಲ್ಲಿಂದ ಎರಡನೇ ಮಹಡಿಯ ನರ್ಸಮ್ಮನಿಗೆ, ಕಡೆಗೆ ಗುಮಾಸ್ತನಿಗೆ. ದರ್ಜಿ ಅಂಗಿಯ ಅಳತೆಗೆ ಕಾಗದ ಕತ್ತರಿಸುತ್ತಿದ್ದದ್ದು ಅದರಲ್ಲೇ. ಹೀಗಾಗಿ ಗುಮಾಸ್ತನ ಕೈಗೆ ಸಿಗುತ್ತಿದ್ದ ಪ್ರಪಂಚದಲ್ಲಿ ಯಾವಾಗಲೂ ತೋಳಿನ ಆಕಾರದ ಒಂದು ತೂತು ಇರುತ್ತಿತ್ತು. ಸರ್ಕಾರಗಳು ಬಿದ್ದದ್ದು, ಎದ್ದದ್ದು ಎಲ್ಲವೂ ಆ ತೂತಿನಲ್ಲೇ ಹೋಗಿದ್ದವು.

ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದರು. ಯಾರಾದರೂ ತಪ್ಪು ಹೇಳಿದರೆ ಅವರಿಗೆ ಮೊಣಕಾಲು ನೋವು ಮರೆತುಹೋಗುತ್ತಿತ್ತು. ಪುಸ್ತಕ ತೆರೆದು ಹತ್ತು ಪುಟ ತಿರುವಿ, ಇದರಲ್ಲಿ ಅರ್ಧಕ್ಕರ್ಧ ಈಗ ಇತಿಹಾಸ ಎಂದು ತೀರ್ಪು ಕೊಟ್ಟರು. ಸದ್ದು ಕೇಳಿ ದರ್ಜಿ ಬಂದ, ಕತ್ತಿನಲ್ಲಿ ಅಳತೆಪಟ್ಟಿ ಹಾಕಿಕೊಂಡೇ. ರಾತ್ರಿಪಾಳಿ ಮುಗಿಸಿ ಆಗತಾನೆ ಬಂದಿದ್ದ ನರ್ಸಮ್ಮ ಚಪ್ಪಲಿಯನ್ನೂ ಬಿಡದೆ ಬಂದರು. ಗುಮಾಸ್ತನ ಮನೆಯ ಮುಂದಿನ ಕೋಣೆ, ಯಾರೋ ತೀರಿಕೊಂಡ ಮನೆಯಂತೆ, ಏಳು ಗಂಟೆಗೆಲ್ಲ ತುಂಬಿಹೋಯಿತು.

ಮುಂದಿನ ಎರಡು ಗಂಟೆ ಅವರು ಗುಮಾಸ್ತನ ತಲೆಯೊಳಗಿನ ಪ್ರಪಂಚವನ್ನು ಒಂದೊಂದೇ ಇಟ್ಟಿಗೆ ಕಿತ್ತು ಹೊಸದಾಗಿ ಕಟ್ಟಿದರು. ಅತಿ ಉದ್ದದ ಸೇತುವೆ ಬದಲಾಯಿತು. ಓಟದ ದಾಖಲೆ ಬದಲಾಯಿತು. ಹಿಮದೇಶದ ಪ್ರಧಾನಿಗೆ ಮೇಷ್ಟ್ರು ಒಂದು ಹೆಸರು ಹೇಳಿದರೆ ನರ್ಸಮ್ಮ ಇನ್ನೊಂದು ಹೇಳಿದರು. ಮೇಷ್ಟ್ರು ಹೇಳಿದವರು ನಿನ್ನೆ ಸಂಜೆ ರಾಜೀನಾಮೆ ಕೊಟ್ಟರಂತೆ, ವಾರ್ಡಿನ ರೇಡಿಯೋದಲ್ಲಿ ಹೇಳಿದರಂತೆ. ಮೇಷ್ಟ್ರಿಗೆ ಮುಖಭಂಗವಾಯಿತು. ಪಕ್ಕದ ದೇಶದ ಹಣಕಾಸು ಮಂತ್ರಿ ಯಾರೆಂದು ಯಾರಿಗೂ ನೆನಪಾಗದಿದ್ದಾಗ ದರ್ಜಿ ಕೆಳಗೋಡಿ, ಆ ಸುದ್ದಿಯಿದ್ದ ಕಾಲರನ್ನು ಹುಡುಕಿ ತಂದ. ತಿದ್ದುಪಡಿಗಳು ಒಟ್ಟು ನಲವತ್ತೊಂದಾದವು. ಎಲ್ಲವನ್ನೂ ಮೇಷ್ಟ್ರು ಒಂದು ಅಂಗಿತೋಳಿನ ಕಾಗದದ ಅಂಚಿನಲ್ಲಿ ದುಂಡಗೆ ಬರೆದುಕೊಟ್ಟರು.

ಗುಮಾಸ್ತ ಎಲ್ಲವನ್ನೂ ತಡೆದುಕೊಂಡ. ಎಪ್ಪತ್ತೆರಡನೇ ಪುಟದ ಅಜ್ಜಿಯ ವಿಷಯ ಬಂದಾಗ ಮಾತ್ರ ತಡೆಯಲಾಗಲಿಲ್ಲ. ಜಗತ್ತಿನಲ್ಲಿ ಬದುಕಿರುವವರಲ್ಲೆಲ್ಲ ಹಿರಿಯಳು ಆಕೆ. ನೂರ ಹದಿನೈದು ವರ್ಷ, ದೂರದ ಯಾವುದೋ ಕಡಲದಂಡೆಯ ಊರು. ಪುಸ್ತಕದಲ್ಲಿ ಹೆಬ್ಬೆಟ್ಟಿನಷ್ಟು ಚಿತ್ರವಿತ್ತು. ಎರಡು ವರ್ಷ ದಿನಾ ಅವಳ ಹೆಸರು ಹೇಳಿ ಹೇಳಿ ಗಂಡಹೆಂಡಿರಿಬ್ಬರಿಗೂ ಅವಳು ಮನೆಯವಳೇ ಆಗಿಬಿಟ್ಟಿದ್ದಳು.

"ಆಕೆ ಹೋಗಿ ಎಂಟು ತಿಂಗಳಾಯ್ತು," ಅಂದರು ನರ್ಸಮ್ಮ, ಆಸ್ಪತ್ರೆಯಲ್ಲಿ ಹೇಳುವ ದನಿಯಲ್ಲೇ. "ನಿದ್ದೇಲೇ ಹೋದ್ರಂತೆ. ಸಂಕಟ ಏನೂ ಪಡಲಿಲ್ಲ."

ಗುಮಾಸ್ತ ಗೋಡೆ ನೋಡುತ್ತಾ ಕೂತ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಎಂಟು ತಿಂಗಳು ಸತ್ತವಳನ್ನು ಬದುಕಿದ್ದಾಳೆಂದು ದಿನಾ ಕೂಗಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಎಲ್ಲರೂ ಹೋದಮೇಲೆ ಹೆಂಡತಿ ಅಡುಗೆಮನೆಯಿಂದ ಬಂದು ಬುತ್ತಿಡಬ್ಬಿ ಕೊಟ್ಟಳು. ಅವಳ ಮುಖ ಊದಿತ್ತು.

"ನಾವು ಕಲಿತದ್ದನ್ನೇ ಬರೀರಿ," ಅಂದಳು. "ಪ್ರಶ್ನೆ ಮಾಡೋರು ನಿಮ್ಮ ಆಫೀಸಿನೋರೇ ತಾನೆ? ಅವರೇನು ದಿನಾ ಪೇಪರ್ ಓದ್ತಾರಾ?"

ಹೆಂಗಸರ ಮಾತು ಎಂದು ಗುಮಾಸ್ತ ನಕ್ಕ. ಅವತ್ತು ಅವನು ನಕ್ಕದ್ದು ಅದೊಂದೇ ಸಲ.

ದಾರಿಯುದ್ದಕ್ಕೂ ತೋಳಿನ ಕಾಗದವನ್ನು ಕಣ್ಣಿಗೆ ಹಿಡಿದು ಗಟ್ಟಿಯಾಗಿ ಓದುತ್ತಾ ನಡೆದ. ಎದುರಿಗೆ ಬಂದವರು ದಾರಿ ಬಿಟ್ಟರು. ಹಳೇ ಪ್ರಧಾನಿಗಳು ಸುಲಭಕ್ಕೆ ಕುರ್ಚಿ ಬಿಡಲೊಲ್ಲರು. ಒಬ್ಬೊಬ್ಬರನ್ನೂ ಕತ್ತು ಹಿಡಿದು ಹೊರಗೆ ಹಾಕಬೇಕಾಯಿತು. ಆಫೀಸು ಮುಟ್ಟುವ ಹೊತ್ತಿಗೆ ನಲವತ್ತೊಂದೂ ನಾಲಿಗೆ ತುದಿಯಲ್ಲಿದ್ದವು. ಅಷ್ಟು ಹೊತ್ತಿನ ತಳಮಳದ ಮೇಲೆ ಸಣ್ಣದೊಂದು ಧೈರ್ಯ ಬಂದಿತ್ತು.

ಬಾಗಿಲಲ್ಲೇ ತೂಕಡಿಕೆ ಸಿಕ್ಕಿದ. ಕಣ್ಣು ಕೆಂಪಗಿತ್ತು. ಒಂದಕ್ಷರ ಓದಿಲ್ಲ, ಓದಲು ಕೂತರೆ ನಿದ್ದೆ ಎಂದು ಗೋಳು ಹೇಳಿಕೊಂಡ.

"ಅಣ್ಣಾ, ಆ ಪುಸ್ತಕ ಒಂದರ್ಧ ಗಂಟೆ ಕೊಡ್ತೀಯಾ? ಹೇಗೂ ನಿಂಗೆ ಬಾಯಿಪಾಠ."

ಎರಡು ವರ್ಷದಲ್ಲಿ ಹತ್ತು ಸಲ ಕೇಳಿದ್ದ. ಹತ್ತು ಸಲವೂ ಗುಮಾಸ್ತ ಕೊಟ್ಟಿರಲಿಲ್ಲ. ಈಗ ಚೀಲದಿಂದ ತೆಗೆದು ಕೊಟ್ಟ. ಇದು ಹಳತು ಕಣಯ್ಯ ಎಂಬ ಮಾತು ಗಂಟಲವರೆಗೆ ಬಂತು. ಬಂದದ್ದು ಅಲ್ಲೇ ಕೂತಿತು.

"ಕೆಂಪು ಗೆರೆ ಎಳೆದಿರೋದನ್ನೆಲ್ಲ ಓದ್ಕೋ," ಅಂದ. "ಅಷ್ಟು ಸಾಕು."

ತೂಕಡಿಕೆಯ ಕಣ್ಣಲ್ಲಿ ನೀರು ಬಂತು. ನಿನ್ನಂಥ ಮನುಷ್ಯ ಈ ಆಫೀಸಿನಲ್ಲಿ ಇಲ್ಲ ಅಂದ. ಗುಮಾಸ್ತ ಮುಖ ತಿರುಗಿಸಿ ಬೇಗ ಬೇಗ ಒಳಗೆ ನಡೆದ. ಅವನು ಕೆಟ್ಟವನಲ್ಲ. ಕೆಟ್ಟ ಕೆಲಸ ಮಾಡಿ ರೂಢಿಯಿಲ್ಲದವನಿಗೆ ಸಣ್ಣ ಕೆಟ್ಟ ಕೆಲಸವೂ ಅಜೀರ್ಣವಾಗುತ್ತದೆ.

ಹನ್ನೊಂದಕ್ಕೆ ಸಭೆಯ ಕೋಣೆಯಲ್ಲಿ ಇಬ್ಬರನ್ನೂ ಉದ್ದ ಮೇಜಿನ ಎರಡು ತುದಿಗೆ ಕೂರಿಸಿದರು. ಟೈಪಿಸ್ಟ್ ಮೇಡಂ ಪ್ರಶ್ನೆಪತ್ರಿಕೆ ಕೊಟ್ಟರು. ತಾರೀಕಿನ ಜಾಗದಲ್ಲಿ ಸಣ್ಣ ಚೀಟಿ ಅಂಟಿಸಿ ಅವತ್ತಿನ ತಾರೀಕು ಬರೆದಿತ್ತು. ಆ ಆಫೀಸಿನಲ್ಲಿ ಚೀಟಿ ಅಂಟಿಸದ ಕಾಗದವೇ ಇರಲಿಲ್ಲ, ಹಾಗಾಗಿ ಗುಮಾಸ್ತ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಗದ ಮೂಗಿನ ಹತ್ತಿರ ಬಂದಾಗ ನುಸಿಗುಳಿಗೆಯ ವಾಸನೆ ಹೊಡೆಯಿತು. ಅದು ತನ್ನದೇ ಅಂಗಿಯದೆಂದುಕೊಂಡ. ಒಳ್ಳೆ ಶಕುನವೆಂದೂ ಅಂದುಕೊಂಡ.

ಎಲ್ಲಕ್ಕೂ ಒಂದೊಂದು ಪದದಲ್ಲಿ ಉತ್ತರ ಬರೆಯಬೇಕಿತ್ತು. ಐವತ್ತೂ ಅವನಿಗೆ ಗೊತ್ತಿದ್ದವು. ಅವುಗಳಲ್ಲಿ ಹತ್ತೊಂಬತ್ತು ಬೆಳಗ್ಗೆಯಷ್ಟೇ ಬದಲಾಗಿದ್ದವು. ಮೊದಲನೆಯದೇ ಹಿಮದೇಶದ ಈಗಿನ ಪ್ರಧಾನಿ ಯಾರು? ನಿನ್ನೆ ಸಂಜೆ ಬಂದವರ ಹೆಸರನ್ನು ದಪ್ಪಕ್ಷರದಲ್ಲಿ ಬರೆದ. ಸೇತುವೆ, ಓಟ, ಹಣಕಾಸು ಮಂತ್ರಿ, ಎಲ್ಲಕ್ಕೂ ಹೊಸದನ್ನೇ ಬರೆಯುತ್ತಾ ಹೋದ. ನಲವತ್ತೆಂಟನೆಯದಕ್ಕೆ ಬಂದು ಅವನ ಪೆನ್ನು ನಿಂತಿತು. ಜಗತ್ತಿನಲ್ಲಿ ಬದುಕಿರುವ ಅತಿ ಹಿರಿಯ ವ್ಯಕ್ತಿ ಯಾರು? ಅಜ್ಜಿಯ ಹೆಬ್ಬೆಟ್ಟಿನಷ್ಟು ಮುಖ ಕಣ್ಣಮುಂದೆ ಬಂತು. ಇದೊಂದಕ್ಕೆ ಅವಳ ಹೆಸರನ್ನೇ ಬರೆದುಬಿಡಲೇ ಅನ್ನಿಸಿತು. ಒಂದಂಕ ಹೋದರೆ ಹೋಗಲಿ, ಎರಡು ವರ್ಷದ ಋಣ ತೀರುತ್ತದೆ. ಆಮೇಲೆ ನಲವತ್ತೈದು ತುಂಬುವುದು ನೆನಪಾಗಿ, ಹಲ್ಲು ಕಚ್ಚಿ, ನರ್ಸಮ್ಮ ಹೇಳಿದ ಯಾವನೋ ಮುದುಕನ ಹೆಸರು ಬರೆದ.

ಮೇಜಿನ ಆ ತುದಿಯಲ್ಲಿ ತೂಕಡಿಕೆ ಅರ್ಧಗಂಟೆ ಬರೆದು, ಉಳಿದರ್ಧಗಂಟೆ ಉತ್ತರಪತ್ರಿಕೆಯ ಮೇಲೆಯೇ ಮಲಗಿದ್ದ.

ಮಧ್ಯಾಹ್ನ ಮೂರಕ್ಕೆ ಫಲಿತಾಂಶ ಹಚ್ಚಿದರು. ತೂಕಡಿಕೆ ಮೂವತ್ತೆರಡು. ಗುಮಾಸ್ತ ಮೂವತ್ತೊಂದು.

ಗುಮಾಸ್ತ ಸಾಹೇಬರ ಕೋಣೆಗೆ ಹೋದ ರಭಸ ಕಂಡು ಜವಾನ ಎದ್ದು ನಿಂತ. ಸಾಹೇಬರು ಬೈಯಲಿಲ್ಲ. ಉತ್ತರಪಟ್ಟಿಯನ್ನೇ ಅವನ ಮುಂದೆ ಇಟ್ಟರು. ಮೊದಲ ಸಾಲಿನಲ್ಲೇ ಒಂದೂವರೆ ವರ್ಷದ ಹಿಂದೆ ಕುರ್ಚಿ ಬಿಟ್ಟ ಪ್ರಧಾನಿ ಕೂತಿದ್ದರು. ಹಳೇ ಸೇತುವೆ, ಹಳೇ ದಾಖಲೆ, ಹಳೇ ಮಂತ್ರಿ. ನಲವತ್ತೆಂಟರಲ್ಲಿ ಅಜ್ಜಿ, ಗಟ್ಟಿಮುಟ್ಟಾಗಿ.

"ಸರ್, ಈ ಪ್ರಧಾನಿ ಈಗಿಲ್ಲ," ಅಂದ ಗುಮಾಸ್ತ.

"ಉತ್ತರಪಟ್ಟಿ ಪ್ರಕಾರ ಇದ್ದಾರಲ್ಲ."

"ಈ ಅಜ್ಜಿ ತೀರಿಕೊಂಡು ಎಂಟು ತಿಂಗಳಾಯ್ತು ಸರ್."

"ಹೌದಾ?" ಸಾಹೇಬರು ಪಟ್ಟಿಯನ್ನು ತಮ್ಮ ಕಡೆಗೆ ತಿರುಗಿಸಿ ನೋಡಿದರು. "ನಮಗೆ ಅಧಿಕೃತವಾಗಿ ತಿಳಿಸಿಲ್ಲ."

ಎರಡು ವರ್ಷದ ಹಿಂದಿನ ಪ್ರಶ್ನೆಪತ್ರಿಕೆಯನ್ನು ಈಗ ಹೇಗೆ ಕೊಟ್ಟಿರಿ ಎಂದು ಕೇಳಿದಾಗ ಸಾಹೇಬರ ತಾಳ್ಮೆ ಕೆಟ್ಟಿತು. ಚೆನ್ನಾಗಿರುವ ಕಾಗದವನ್ನು ಹಾಳುಮಾಡಬೇಕೇ ಎನ್ನುತ್ತಾ ಮೇಜಿನ ಕೆಳಗಿನಿಂದ ಒಂದು ಬಂಡಲನ್ನು ಎತ್ತಿ ಅವನ ಮುಂದೆ ಕುಕ್ಕಿದರು. ಒಡೆದ ಅರಗಿನ ಮುದ್ರೆ, ನುಸಿಗುಳಿಗೆಯ ವಾಸನೆ, ಮೂಲೆಯಲ್ಲಿ ನೂರ ಹದಿನಾಲ್ಕು. ಹೋದ ವಾರ ಜವಾನ ಸಹಿ ಮಾಡಿ ಒಯ್ದಿದ್ದ ಬಂಡಲು. ಅದರ ಮೇಲೆ, ಮಳೆಗಾಲ ಕಳೆದಮೇಲೆ ಬರೆದ ಷರಾ, ಗುಮಾಸ್ತನದೇ ದುಂಡಕ್ಷರದಲ್ಲಿ:

"ಪರಿಶೀಲಿಸಿದೆ. ಸುಸ್ಥಿತಿಯಲ್ಲಿದೆ. ಬಳಸಬಹುದು."

ಕೆಳಗೆ ಅವನ ಸಹಿ ಇತ್ತು. ಹದಿನೇಳು ವರ್ಷದಿಂದ ಎಲ್ಲ ಬಂಡಲಿನ ಮೇಲೂ ಅವನು ಬರೆಯುತ್ತಿದ್ದದ್ದು ಅದೇ ಮೂರು ಮಾತು.

"ನಿಮ್ಮ ಜವಾಬ್ದಾರಿ ಮೇಲೇ ತೆಗೆಸಿದ್ದು," ಅಂದರು ಸಾಹೇಬರು, ಈಗ ಸ್ವಲ್ಪ ಮೆತ್ತಗೆ. "ದೂರು ಕೊಡ್ತೀರಾದ್ರೆ ಕೊಡಿ. ಮೊದಲು ಈ ಷರಾಕ್ಕೆ ಕಾರಣ ಕೇಳ್ತಾರೆ."

ಗುಮಾಸ್ತ ದೂರು ಕೊಡಲಿಲ್ಲ. ಹೊರಗೆ ತೂಕಡಿಕೆ ಪುಸ್ತಕ ಹಿಡಿದು ಕಾಯುತ್ತಿದ್ದ. ನೀನು ಗೆರೆ ಎಳೆದಿದ್ದರಲ್ಲೇ ಎಲ್ಲ ಬಂತಣ್ಣ, ಕೊನೆಗೆ ಆ ಅಜ್ಜಿ ಕೂಡ ಬಂದಳು ಎನ್ನುತ್ತಾ ಅವನ ಎರಡೂ ಕೈ ಹಿಡಿದುಕೊಂಡ. ಅವನ ಕೃತಜ್ಞತೆಯಲ್ಲಿ ಒಂದಿಷ್ಟಾದರೂ ಕುಹಕವಿದ್ದಿದ್ದರೆ ಗುಮಾಸ್ತನಿಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ.

ಮನೆಯ ಮೆಟ್ಟಿಲ ಬುಡದಲ್ಲಿ ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತಿದ್ದರು. ಹಿಂದೆ ದರ್ಜಿ ನಿಂತಿದ್ದ. ನಿದ್ದೆ ಬಿಟ್ಟು ನರ್ಸಮ್ಮನೂ ಕಾದಿದ್ದರು. ನಾವು ಹೇಳಿಕೊಟ್ಟದ್ದು ಬಂದಿತ್ತೇ ಎಂದು ಮೂವರೂ ಒಟ್ಟಿಗೆ ಕೇಳಿದರು. ಬಂದಿತ್ತು, ನೀವು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ ಎಂದು ಗುಮಾಸ್ತ ಹೇಳಿದ. ಮೇಷ್ಟ್ರು ಹೆಮ್ಮೆಯಿಂದ ದರ್ಜಿಯ ಮುಖ ನೋಡಿದರು.

ಮೂರನೇ ಮಹಡಿಯಲ್ಲಿ ಹೆಂಡತಿ ಬಾಗಿಲು ತೆರೆದೇ ಇಟ್ಟುಕೊಂಡು ತರಕಾರಿ ಹೆಚ್ಚುತ್ತಿದ್ದಳು. ಅವನು ಚಪ್ಪಲಿ ಬಿಟ್ಟ ಸದ್ದಿಗೇ ಅವಳಿಗೆ ಅರ್ಧ ತಿಳಿಯಿತು. ಆದರೂ ಕೇಳಿದಳು.

"ಅಜ್ಜಿದು ಬಂದಿತ್ತಾ?"

"ಬಂದಿತ್ತು."

"ಏನು ಬರೆದ್ರಿ?"

"ಸತ್ತುಹೋದಳು ಅಂತ ಬರೆದುಬಿಟ್ಟೆ ಕಣೇ," ಅಂದ ಗುಮಾಸ್ತ. "ಆಫೀಸಿನಲ್ಲಿ ಇನ್ನೂ ಬದುಕಿದ್ದಾಳೆ."

ಹೆಂಡತಿ ಚಾಕು ಕೆಳಗಿಟ್ಟಳು. ಸ್ವಲ್ಪ ಹೊತ್ತಾದಮೇಲೆ ಮತ್ತೆ ಎತ್ತಿಕೊಂಡು, ಇಬ್ಬರಿಗಾಗುವಷ್ಟು ತರಕಾರಿ ಹೆಚ್ಚಿ ಮುಗಿಸಿದಳು. ಅವತ್ತು ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ.