ಎದೆಮಟ್ಟದಲ್ಲಿ ಒಂದು ನಿಮಿಷ

ನನಗೆ ಬೇಕಾಗಿದ್ದದ್ದು ಒಂದು ಕಿಟಕಿ, ಅದರ ಕೆಳಗೊಂದು ಮೇಜು. ಬಂಗಾರ ಕೇಳಲಿಲ್ಲ, ಬಂಗಲೆ ಕೇಳಲಿಲ್ಲ. ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಕಿಟಕಿಯಿತ್ತು, ಮೇಜೂ ಇತ್ತು. ಯಾರೋ ಹಾಲು ಚೆಲ್ಲಿ ಒರೆಸಲು ಮರೆತಂತೆ ಬೆಳಗಿನ ಬಿಸಿಲು ಆ ಮೇಜಿನ ಮೇಲೆ ಮಧ್ಯಾಹ್ನದವರೆಗೂ ಹರಡಿಕೊಂಡಿರುತ್ತಿತ್ತು. ಆದರೆ ಆ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತಿದ್ದದ್ದು ನನ್ನ ಕಾಗದಗಳಲ್ಲ, ನನ್ನ ಗಂಡನ ಹೆಲಿಕಾಪ್ಟರ್.

ನಾನು ಕರಡು ತಿದ್ದುವವಳು. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಅದರ ತಪ್ಪುಗಳನ್ನು ಹೆಕ್ಕಿ ತೆಗೆಯುವುದು ನನ್ನ ಕೆಲಸ. ಆಗಷ್ಟೇ ಒಂದು ದೊಡ್ಡ ನಿಘಂಟಿನ ಕರಡು ಬಂದಿತ್ತು. ಅಕ್ಷರಗಳು ಸಾಸಿವೆ ಕಾಳಿನಷ್ಟು, ಪುಟಗಳು ಸಾವಿರದ ಮೇಲೆ. ಅಡುಗೆಮನೆಯ ಮಬ್ಬು ಬೆಳಕಿನಲ್ಲಿ, ಹೆಚ್ಚಿದ ಈರುಳ್ಳಿಯ ಪಕ್ಕದಲ್ಲಿ ಕೂತು ತಿದ್ದುತ್ತಿದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದರಲ್ಲಿ ಈರುಳ್ಳಿಯ ಪಾಲೆಷ್ಟು, ನಿಘಂಟಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ನನ್ನ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಎಂಟು ವರ್ಷಗಳಿಂದ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತಿದ್ದಾರೆ. ಆ ಸೀಟಿನ ಕೆಳಗೆ ಅವರಿಗೆಂದೇ ಒಂದು ಹೆಚ್ಚುವರಿ ಬ್ರೇಕಿದೆ. ಕಲಿಯುವವರು ತಪ್ಪಿದರೆಂದು ಕಂಡ ಕೂಡಲೇ ಅದನ್ನು ಒತ್ತಿ ಒತ್ತಿ ಅವರ ಬಲಗಾಲಿಗೆ ಒಂದು ಸ್ವತಂತ್ರ ಬುದ್ಧಿಯೇ ಬಂದುಬಿಟ್ಟಿದೆ. ನಾನು ಬಿಸಿ ಹಾಲಿನ ಪಾತ್ರೆ ಎತ್ತುವಾಗ ಕೈ ಸ್ವಲ್ಪ ನಡುಗಿದರೂ, ಕುರ್ಚಿಯಲ್ಲಿ ಪೇಪರ್ ಓದುತ್ತಿರುವ ಅವರ ಕಾಲು ನೆಲವನ್ನು ಒತ್ತುತ್ತದೆ.

"ದಿನಪೂರ್ತಿ ಸ್ಟಿಯರಿಂಗ್ ಬೇರೆಯವರ ಕೈಯಲ್ಲೇ ಇರತ್ತೆ ಕಣೇ. ನಾನೇ ನಡೆಸೋದು ಅಂತ ನನಗೂ ಒಂದು ಬೇಡ್ವಾ?" ಎಂದು ಒಂದು ದಿನ ಕೇಳಿದರು.

ಆ ಮಾತು ನನ್ನನ್ನು ಕರಗಿಸಿತು. (ಕರಗಿದ್ದೇ ತಪ್ಪು. ನನ್ನ ಬದುಕಿನಲ್ಲಿ ತಿದ್ದದೆ ಬಿಟ್ಟ ತಪ್ಪುಗಳಲ್ಲಿ ಅದೇ ಮೊದಲನೆಯದು.) ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವರು ಹಾರುವ ಆಟಿಕೆಗಳ ನಡುವೆಯೇ ಬೆಳೆದವರಂತೆ ಸಣ್ಣಗೆ, ಹಗುರವಾಗಿದ್ದರು. ಅಂಗೈಯಗಲದ ಒಂದು ಹೆಲಿಕಾಪ್ಟರನ್ನು ಮುಂದಿಟ್ಟರು.

"ಮೊದಲು ಇದನ್ನ ತಗೊಳ್ಳಿ ಸಾರ್. ತಲೆ ಮೇಲೆ ಎರಡು ಜೊತೆ ರೆಕ್ಕೆ ಇದೆ. ನೀವು ಸುಮ್ನಿದ್ರೂ ತಾನೇ ನೆಟ್ಟಗೆ ನಿಂತ್ಕೊಳ್ಳತ್ತೆ. ಮನೆಯೊಳಗೇ ಕಲೀಬಹುದು."

"ಅದು ಮಕ್ಕಳಾಟದ್ದು. ಆ ಮೇಲ್ಗಡೆ ಇರೋದು ತೆಗೀರಿ."

"ಅದಕ್ಕೆ ಒಂದೇ ಜೊತೆ ರೆಕ್ಕೆ ಸಾರ್. ಒಂದು ಕ್ಷಣ ಕಣ್ಣು ಮಿಟುಕಿಸಿದ್ರೆ ಗೋಡೆಗೆ ಹೋಗತ್ತೆ. ಕೈ ಪಳಗಿದ ಮೇಲೆ ತಗೊಳ್ಳೋದು."

"ನಾನು ಡ್ರೈವಿಂಗ್ ಮೇಷ್ಟ್ರು ಕಣ್ರೀ!"

ಅಂಗಡಿಯವರು, ವೈದ್ಯರು ರೋಗಿಯ ಮನೆಯವರ ಕಡೆ ತಿರುಗುವ ಹಾಗೆ, ನನ್ನ ಕಡೆ ತಿರುಗಿದರು. "ಅಮ್ಮಾ, ನೀವಾದ್ರೂ ಹೇಳಿ."

"ನಾನು ಹೇಳಿದ್ದು ಕೇಳೋ ಹಾಗಿದ್ದಿದ್ರೆ ನಿಮ್ಮ ಮೆಟ್ಟಿಲೇ ಹತ್ತುತ್ತಿರಲಿಲ್ಲ" ಎಂದೆ.

ಮೇಲ್ಗಡೆ ಇದ್ದದ್ದೇ ಮನೆಗೆ ಬಂತು. ನಡುಮನೆಯಲ್ಲಿ ಅದರ ಪ್ರಥಮ ಗಗನಾರೋಹಣ ನಡೆಯಿತು. ಅದು ಮೊಣಕಾಲಿನೆತ್ತರ ಎದ್ದು, ಒಂದು ಗಳಿಗೆ ಯೋಚಿಸಿ, ಕಿಟಕಿಯ ಪರದೆಯನ್ನು ಹುಡುಕಿಕೊಂಡು ಹೋಗಿ ಅಪ್ಪಿಕೊಂಡಿತು. ಮೇಷ್ಟ್ರ ಬಲಗಾಲು ನೆಲವನ್ನು ದಬದಬನೆ ಒತ್ತಿತು. ಹೆಲಿಕಾಪ್ಟರಿಗೆ ಬ್ರೇಕಿಲ್ಲ. ಪರದೆ ಹರಿಯಿತು, ರೆಕ್ಕೆ ಮುರಿಯಿತು.

"ರೆಕ್ಕೆ ಪ್ಲಾಸ್ಟಿಕ್ಕಿಂದು, ಅದಕ್ಕೇ ಹೀಗಾಯ್ತು" ಎಂದರು.

ಅಲ್ಲಿಂದ ಶುರುವಾಯಿತು ನೋಡಿ, ಹನುಮಂತನ ಬಾಲ. ಗಟ್ಟಿ ರೆಕ್ಕೆ ತಂದು ಹಾಕಿದರು. ಮುಂದಿನ ಸಲ ರೆಕ್ಕೆ ಮುರಿಯಲಿಲ್ಲ, ಅದನ್ನು ಹಿಡಿದಿದ್ದ ತಲೆ ಮುರಿಯಿತು. ಲೋಹದ ತಲೆ ಬಂತು. ಆಗ ತಲೆ ಉಳಿದು ನಡುವಿನ ಕಂಬಿ ಬಾಗಿತು. ಕಂಬಿ ಉಕ್ಕಿನದಾಯಿತು. ಈಗ ಭಾರ ಹೆಚ್ಚಾಗಿ ಅದು ಏಳಲೇ ಒಲ್ಲದು ಎಂದು ದೊಡ್ಡ ಮೋಟರು ಬಂತು, ಮೋಟರಿನ ಹಸಿವಿಗೆ ದೊಡ್ಡ ಬ್ಯಾಟರಿ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ, ತಲೆ ಒಂದು ಕಡೆ ತಿರುಗಿದರೆ ಬಾಲ ಇನ್ನೊಂದು ಕಡೆ.

"ಇದು ರಿಪೇರಿ ಅಲ್ಲ ಕಣೇ, ಅಪ್‌ಗ್ರೇಡು" ಎಂದು ವ್ಯತ್ಯಾಸ ತಿಳಿಸಿಕೊಟ್ಟರು. ಒಂದೊಂದು ಅಪ್‌ಗ್ರೇಡಿಗೂ ಅದರ ದರ್ಜೆ ಏರುತ್ತಿತ್ತೇ ಹೊರತು ಅದು ಏರುತ್ತಿರಲಿಲ್ಲ. ತಪ್ಪು ಮಾತ್ರ ಯಾವಾಗಲೂ ಗಾಳಿಯದು, ನೆಲದ್ದು, ಇಲ್ಲವೇ ನಾನು ಆ ಹೊತ್ತಿಗೇ ಕೆಮ್ಮಿದ್ದು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ಕುಣಿಯಲಾರದವನಿಗೆ ಹೆಂಡತಿಯ ಕೆಮ್ಮೂ ಡೊಂಕು.

ಬಿಚ್ಚಿದ ಭಾಗಗಳೆಲ್ಲ ಮಹಡಿಯ ಮೇಜಿಗೆ ಹೋದವು. ಬ್ಯಾಟರಿಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತವು. ನಾನು ನಿಘಂಟನ್ನು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತರೆ, "ಅಲ್ಲಿ ಕಾಲಿಡಬೇಡ, ಸ್ಕ್ರೂ ಬಿದ್ದಿದೆ" ಎನ್ನುತ್ತಿದ್ದರು. ಅವರು ಹುಡುಕುತ್ತಿದ್ದ ಸ್ಕ್ರೂ ನನ್ನ ನಿಘಂಟಿನ ಅಕ್ಷರಗಳಿಗಿಂತಲೂ ಚಿಕ್ಕದು.

ಒಂದು ದಿನ ತಾಳ್ಮೆ ಕೆಟ್ಟು ಅತ್ತೆಯವರಲ್ಲಿ ದೂರು ಕೊಟ್ಟೆ. ಅತ್ತೆಯವರು ಶಾಲೆಯಲ್ಲಿ ಡ್ರಿಲ್ ಟೀಚರಾಗಿ ನಿವೃತ್ತರಾದವರು. ಕೊರಳಿನ ಸೀಟಿ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಮಗ, ಸೊಸೆ ಎಂಬ ಭೇದ ಅವರಿಗಿಲ್ಲ. ಅವರ ಕಣ್ಣಿಗೆ ನಾವಿಬ್ಬರೂ ಸಾಲು ತಪ್ಪಿ ನಿಂತ ಮಕ್ಕಳು. ಸೀಟಿ ಊದಿ ಇಬ್ಬರನ್ನೂ ನಡುಮನೆಗೆ ಕರೆಸಿದರು.

"ಏನಪ್ಪಾ, ಆ ಕೋಣೆ ಯಾರಿಗೆ ಬೇಕು?"

"ನನಗಮ್ಮಾ. ಹಾರಿಸೋದು ಇನ್ನೇನು ಬಂದೇಬಿಡತ್ತೆ."

"ಎರಡು ತಿಂಗಳಿಂದ ಇನ್ನೇನು, ಇನ್ನೇನು!" ಎಂದೆ. "ನನ್ನ ಕೆಲಸ ಕೆಡ್ತಿದೆ ಅತ್ತೆ. ಮಬ್ಬಿನಲ್ಲಿ ತಿದ್ದಿ ತಿದ್ದಿ ತಲೆನೋವು ಬಂದಿದೆ. ನಿಘಂಟು ಹೊತ್ತಿಗೆ ಸರಿಯಾಗಿ ಕೊಡದಿದ್ರೆ ಪ್ರೆಸ್ಸಿನವರು ಇನ್ನೊಂದು ಪುಸ್ತಕ ಕೊಡಲ್ಲ."

"ಸಾಕು. ವಾದ ಬೇಡ, ಪಂದ್ಯ ಆಗಲಿ. ಬರೋ ಭಾನುವಾರ ಸಾಯಂಕಾಲ ಐದರೊಳಗೆ ಈ ಮನೆಯವರು ಯಾರಾದ್ರೂ ಅದನ್ನ ಎದೆಮಟ್ಟಕ್ಕೆ ಎತ್ತಿ, ಒಂದೇ ಕಡೆ ಒಂದು ನಿಮಿಷ ನಿಲ್ಲಿಸಿದ್ರೆ ಕೋಣೆ ಹೆಲಿಕಾಪ್ಟರಿಗೆ. ಆಗಲಿಲ್ಲ ಅಂದ್ರೆ ಅದು ಅಟ್ಟಕ್ಕೆ, ಕೋಣೆ ಸೊಸೆಗೆ."

ಯಾರಾದ್ರೂ ಎಂದದ್ದು ತಮಗಾಗಿಯೇ ಎಂಬುದು ನನಗೆ ಗೊತ್ತಿತ್ತು. ಅವರ ಕೈಯೂ ತುರಿಸುತ್ತಿತ್ತು. ಮಾರನೆಯ ದಿನವೇ ಪ್ರಯತ್ನಿಸಿದರು. ರಿಮೋಟನ್ನು ಬಿಗಿಯಾಗಿ ಹಿಡಿದು, "ಅಟೆನ್ಶನ್!" ಎಂದು ಹೆಲಿಕಾಪ್ಟರಿಗೆ ಆಜ್ಞೆ ಕೊಟ್ಟು ಪೂರ್ತಿ ವೇಗ ಕೊಟ್ಟರು. ಅದು ಆಜ್ಞಾಪಾಲನೆಯಲ್ಲಿ ಸ್ವಲ್ಪ ಅತಿ ಮಾಡಿ ಸೂರಿಗೆ ಹಣೆ ಚಚ್ಚಿಕೊಂಡಿತು. ಅತ್ತೆಯವರು ಮತ್ತೆ ಅದರ ಗೋಜಿಗೆ ಹೋಗಲಿಲ್ಲ. ನನಗೆ ಜಯ ಖಚಿತವಾಯಿತು. ಕಿಟಕಿಗೆ ಯಾವ ಬಣ್ಣದ ಪರದೆ ಎಂದು ಯೋಚಿಸತೊಡಗಿದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಹೆಲಿಕಾಪ್ಟರಿನ ಜೊತೆ ಒಂದು ಕೈಪಿಡಿ ಬಂದಿತ್ತು. ಅದರಲ್ಲಿ ಪುಟಕ್ಕೆ ಮೂರು ಅಚ್ಚಿನ ತಪ್ಪು. ಸುಮ್ಮನಿರಲಾರದೆ ಕೆಂಪು ಪೆನ್ನು ಹಿಡಿದು ಪೂರ್ತಿ ತಿದ್ದಿದ್ದೆ. ತಪ್ಪು ಹುಡುಕುತ್ತ ಓದಿದರೆ ವಿಷಯವೂ ಬಾಲದಂತೆ ಹಿಂದೆಯೇ ತಲೆಯೊಳಕ್ಕೆ ನುಗ್ಗುತ್ತದೆ. ಆಮೇಲೆ ಮೇಷ್ಟ್ರು ಕಂಪ್ಯೂಟರಿನಲ್ಲಿ ಹಾರಿಸಿ ಅಭ್ಯಾಸ ಮಾಡುವ ಆಟವೊಂದನ್ನು ತಂದರು. ನಿಜವಾದ ರಿಮೋಟನ್ನೇ ಸಿಕ್ಕಿಸಿದರೆ ಪರದೆಯ ಮೇಲೆ ಹೆಲಿಕಾಪ್ಟರ್ ಹಾರುತ್ತದೆ, ಬಿದ್ದರೆ ಏನೂ ಮುರಿಯುವುದಿಲ್ಲ. ಅವರು ಎರಡು ದಿನ ಆಡಿ, "ಇದರಲ್ಲಿ ಗಾಳಿಯೇ ಇಲ್ಲ, ಸುಳ್ಳು" ಎಂದು ಬಿಟ್ಟರು. ಅವರು ಊರಿನ ಜನಕ್ಕೆ ಕ್ಲಚ್ಚು ಕಲಿಸಲು ಹೋದ ಮಧ್ಯಾಹ್ನಗಳಲ್ಲಿ, ಇವರು ಎಲ್ಲಿ ತಪ್ಪುತ್ತಾರೆ ಎಂದು ನೋಡುವುದಕ್ಕಷ್ಟೇ ನಾನು ಅದರ ಮುಂದೆ ಕೂರುತ್ತಿದ್ದೆ. ಮೊದಲು ಹತ್ತು ನಿಮಿಷ. ಆಮೇಲೆ ಒಂದು ಗಂಟೆ. (ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನೀವೂ ಹೇಳಬೇಡಿ.)

ಭಾನುವಾರ ಬಂತು. ಡ್ರೈವಿಂಗ್ ಸ್ಕೂಲಿನ ಅಂಗಳ ಖಾಲಿಯಿತ್ತು. ಕಾರು ಕಲಿಯುವವರಿಗಾಗಿ ನೆಲದ ಮೇಲೆ ಬಿಳಿ ಸುಣ್ಣದಲ್ಲಿ ದೊಡ್ಡ ಎಂಟು ಬರೆದಿತ್ತು. ಅದರ ನಡುವೆ ಅತ್ತೆಯವರು ಒಂದು ಚೌಕ ಗೀಚಿ, "ಇದರಿಂದ ಆಚೆ ಹೋದ್ರೆ ಔಟು" ಎಂದರು. ಗಾಳಿ ಮುನಿಸಿಕೊಂಡಂತೆ ಸುಮ್ಮನಿತ್ತು. ಎಲೆಯೊಂದೂ ಅಲುಗುತ್ತಿರಲಿಲ್ಲ. ಪಾಪ, ದೂರಲು ಅವರಿಗೆ ಏನೂ ಉಳಿದಿರಲಿಲ್ಲ. ನಾನು ಕೆಮ್ಮು ಬಾರದಿರಲೆಂದು ಬೆಚ್ಚಗಿನ ನೀರನ್ನೂ ಕುಡಿದುಕೊಂಡೇ ಬಂದಿದ್ದೆ.

ಆರು ಬ್ಯಾಟರಿ ತಂದಿದ್ದರು. ಮೊದಲನೆಯದರಲ್ಲಿ ನಾಲ್ಕು ಸೆಕೆಂಡು. ಎರಡನೆಯದರಲ್ಲಿ ಒಂಬತ್ತು. ಮೂರನೆಯ ಸಲ ಹೆಲಿಕಾಪ್ಟರ್ ಬಲಕ್ಕೆ ವಾಲುತ್ತಲೇ ರಿಮೋಟನ್ನೇ ಸ್ಟಿಯರಿಂಗಿನಂತೆ ಎಡಕ್ಕೆ ತಿರುಗಿಸಿದರು. ನಾಲ್ಕನೆಯ ಸಲ ಬಲಗಾಲು ನೆಲ ಒತ್ತಿದ ರಭಸಕ್ಕೆ ಚಪ್ಪಲಿಯ ಉಂಗುಷ್ಠವೇ ಕಿತ್ತು ಬಂತು. ಐದನೆಯದಕ್ಕೆ ಹದಿನೇಳು ಸೆಕೆಂಡು. ಅಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಗಂಟೆ ನಾಲ್ಕೂ ಮುಕ್ಕಾಲು. ಉಳಿದದ್ದು ಒಂದೇ ಬ್ಯಾಟರಿ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಇನ್ನು ಕಾಲು ಗಂಟೆ ಕಳೆದರೆ ಕಿಟಕಿ, ಮೇಜು, ಬಿಸಿಲು ಎಲ್ಲ ನನ್ನದು.

ಆದರೆ ನೋಡುತ್ತ ನೋಡುತ್ತ ನನ್ನ ಬೆರಳುಗಳು ಚಡಪಡಿಸತೊಡಗಿದ್ದವು. ಅದು ವಾಲುವ ಮುಂಚೆ ಅದರ ಮೂತಿ ಒಂದು ಎಳೆಯಷ್ಟು ತಗ್ಗುತ್ತದೆ. ಇವರಿಗೆ ಅದು ಕಾಣುವುದೇ ಇಲ್ಲ. ಇವರು ಪೂರ್ತಿ ವಾಲಿದ ಮೇಲೆ ಗಾಬರಿಬಿದ್ದು ಬ್ರೇಕು ಹುಡುಕುತ್ತಾರೆ.

"ಅಯ್ಯೋ, ತಪ್ಪು ದೊಡ್ಡದಾದ ಮೇಲೆ ತಿದ್ದೋದಲ್ಲ ರೀ!" ಎಂದುಬಿಟ್ಟೆ. "ಹುಟ್ಟುತ್ತಿದ್ದ ಹಾಗೇ ತಿದ್ದಬೇಕು. ಇಷ್ಟೇ ಇಷ್ಟು."

"ಹೇಳೋದು ಸುಲಭ. ಎಂಟು ವರ್ಷದಿಂದ ನಾನೂ ಹೇಳ್ತಾನೇ ಇದ್ದೀನಿ, ಜನಕ್ಕೆ."

"ಇದರಲ್ಲೇನಿದೆ ಅಂಥಾ ಬ್ರಹ್ಮವಿದ್ಯೆ! ಕೊಡಿ ಇಲ್ಲಿ, ತೋರಿಸ್ತೀನಿ."

ಅವರು ಕೊಟ್ಟರು. ಸೋತ ಮುಖದಲ್ಲಿ. ನಾನು ಎರಡು ಹೆಬ್ಬೆರಳುಗಳನ್ನು ರಿಮೋಟಿನ ಕಡ್ಡಿಗಳ ಮೇಲಿಟ್ಟೆ. ಧೂಳು ಸುತ್ತಿತು. ಅದು ನೆಲ ಬಿಟ್ಟಿತು, ಮೊಣಕಾಲು ದಾಟಿತು, ಎದೆಮಟ್ಟಕ್ಕೆ ಬಂತು. ಮೂತಿ ಎಳೆಯಷ್ಟು ತಗ್ಗಿತು, ತಿದ್ದಿದೆ. ಬಾಲ ಎಡಕ್ಕೆ ಜಾರಲು ಯೋಚಿಸಿತು, ಯೋಚನೆಯನ್ನೇ ತಿದ್ದಿದೆ. ಸುತ್ತಲಿನ ಸದ್ದೆಲ್ಲ ದೂರವಾಯಿತು. ಗಾಳಿಯಲ್ಲಿ ಬರೆದ ಒಂದು ಸಾಲು, ಅದರಲ್ಲಿ ಒಂದರ ಹಿಂದೊಂದು ಹುಟ್ಟುವ ಸಣ್ಣ ಸಣ್ಣ ತಪ್ಪುಗಳು, ಮತ್ತು ನಾನು.

"ಮೂವತ್ತೆಂಟು, ಮೂವತ್ತೊಂಬತ್ತು..."

ಅತ್ತೆಯವರ ದನಿ. ಎಣಿಸುತ್ತಿದ್ದಾರೆ!

"ಅತ್ತೆ, ನಾನು ಸುಮ್ನೆ ತೋರಿಸ್ತಿರೋದು!"

"ಯಾರಾದ್ರೂ ಅಂದಿದ್ದೆ. ನಲವತ್ತೊಂದು. ಮಾತಾಡ್ಬೇಡ, ನೆಟ್ಟಗೆ ನಿಲ್ಲು."

ಅರವತ್ತಾದರೆ ನನ್ನ ಕೋಣೆ ಹೋಯಿತು. ಉಪಾಯ ಸುಲಭವಿತ್ತು. ಹೆಬ್ಬೆರಳು ತೆಗೆದರೆ ಸಾಕು. ತೆಗೆಯಬೇಕಾಗಿಯೂ ಇಲ್ಲ, ಮುಂದಿನ ಒಂದೇ ಒಂದು ತಪ್ಪನ್ನು ಕಂಡೂ ಕಾಣದ ಹಾಗೆ ಬಿಟ್ಟರೆ ಸಾಕು. ಬಿಡುತ್ತೇನೆ ಎಂದು ನಿರ್ಧರಿಸಿದೆ. ನಲವತ್ತೇಳರಲ್ಲಿ ಅದು ಬಲಕ್ಕೆ ಒಂದು ಅಂಗುಲ ಸರಿಯಿತು. ಆಹಾ, ಇದೇ. ಬಿಡು, ಎಂದೆ ಮನಸ್ಸಿಗೆ. ಮನಸ್ಸು ಬಿಟ್ಟಿತು, ಬೆರಳು ತಿದ್ದಿತು. ಐವತ್ಮೂರರಲ್ಲಿ ಮೂತಿ ತಗ್ಗಿತು. ಕಣ್ಣೆದುರು ತಪ್ಪೊಂದು ನಿಂತಿದೆ, ನಾನು ಸುಮ್ಮನಿರಬೇಕು! ನೀವೇ ಹೇಳಿ, ಹದಿಮೂರು ವರ್ಷದವಳಿದ್ದಾಗಿನಿಂದ ಮದುವೆಯ ಕರೆಯೋಲೆಗಳನ್ನೂ ತಿದ್ದಿ ವಾಪಸು ಕಳಿಸಿದವಳಿಂದ ಇದು ಸಾಧ್ಯವೇ? ಬೆರಳು ತಿದ್ದಿತು. ಅದೂ ಎಷ್ಟು ನಾಜೂಕಾಗಿ!

"ಐವತ್ತೊಂಬತ್ತು, ಅರವತ್ತು!" ಸೀಟಿ ಅಂಗಳವನ್ನು ಸೀಳಿತು.

ಮೇಷ್ಟ್ರು ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು ಕುಣಿದರು. "ನನ್ನ ಶಿಷ್ಯೆ ಕಣಮ್ಮಾ! ನೋಡ್ದ್ಯಾ, ಪಕ್ಕದಲ್ಲಿ ನಿಂತು ಕಲಿಸಿದ್ದು ನಾನೇ! ಕೋಣೆ ಉಳೀತು!"

"ಉಳಿಸಿದ್ದು ನಿನ್ನ ಹೆಂಡತಿ" ಎಂದರು ಅತ್ತೆಯವರು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಸೇರಿಸಿದರು, "ಪೆದ್ದಿ, ನಲವತ್ತರಲ್ಲೇ ಬೀಳಿಸಬಾರದಿತ್ತಾ? ನಾನು ಅಷ್ಟು ಗಟ್ಟಿಯಾಗಿ ಎಣಿಸಿದ್ದು ಇನ್ಯಾತಕ್ಕೆ?"

ಸೀಟಿ ಊದಿ ಇಷ್ಟು ಹೊತ್ತಾದರೂ ನಾನು ಅದನ್ನು ಇನ್ನೂ ಇಳಿಸಿರಲಿಲ್ಲ. ಇಳಿಬಿಸಿಲಿನಲ್ಲಿ ಅದು ಎದೆಮಟ್ಟದಲ್ಲಿ ನಿಂತೇ ಇತ್ತು. ಆದರೆ ಒಂದು ಕೊರತೆ ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

"ರೀ" ಎಂದೆ, ಅದರಿಂದ ಕಣ್ಣು ಕೀಳದೆ. "ಈ ಬಾಲ ಒಂದು ಕೂದಲೆಳೆಯಷ್ಟು ಎಡಕ್ಕೆ ಎಳೀತಾ ಇದೆ. ಅಂಗಡಿಯವರ ಹತ್ರ ಇದಕ್ಕಿಂತ ಒಳ್ಳೇದು ಇರಬೇಕಲ್ವಾ?"